ಅಪ್‌ಡೇಟ್: ಮ್ಯಾಚ್ ಫಿಶಿಂಗ್ (ಗಾಳ ಹಾಕಿ ಮೀನು ಹಿಡಿಯೋ ಸ್ಪರ್ಧೆ) ರೀಲ್ ಕೊನೆಗೂ ತಗೊಂಡೆ

ವ್ಯಾಗ್ಲರ್ ಫ್ಲೋಟ್‌ಗೆ (ಬುಡದಲ್ಲಿ ಮಾತ್ರ ಲೈನಿಗೆ ಕಟ್ಟೋ ತೇಲುಬೆಂಡು) 2500 ಸೈಜಿನ ರೀಲ್ ತಗೊಳ್ಲಾ 4000 ಸೈಜಿಂದು ತಗೊಳ್ಲಾ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್, 4000 ಸೈಜಿಂದೇ ತಗೊಂಡೆ, ಆದ್ರೆ ಸ್ಪೂಲ್ (ಲೈನ್ ಸುತ್ತೋ ಉರುಳೆ) ಆಳ ಕಮ್ಮಿ ಇರೋದು. ನಿಜವಾಗ್ಲೂ ವ್ಯತ್ಯಾಸ ಗೊತ್ತಾಗಿದ್ದು ಅದ್ರಲ್ಲೇ. 0.18 ಎಂಎಂ ತೆಳು ಲೈನ್‌ಗೆ ಆಳದ ಸ್ಪೂಲ್ ಆದ್ರೆ ಅಡಿಗೆ ಬೇರೆ ಲೈನ್ ಸುತ್ತಿ ತುಂಬಿಸ್ಬೇಕು, ಇಲ್ದಿದ್ರೆ ಎಸೆದಾಗ ಸ್ಪೂಲ್ ಅಂಚಿಗೆ ಉಜ್ಜಿ ದೂರ ಹೋಗಲ್ಲ, ಅಂಚಿಂದ ಒಂದೆರಡು ಎಂಎಂ ಕೆಳಗಿನವರೆಗೂ ತುಂಬಿದ್ರೆ ಸಲೀಸಾಗಿ ಹೋಗುತ್ತೆ. ಗೇರ್ ರೇಶಿಯೋ 5.2:1 (ಹಿಡಿ ಒಂದು ಸುತ್ತು ತಿರುಗಿಸಿದ್ರೆ ಸ್ಪೂಲಿಗೆ ಲೈನ್ 5.2 ಸುತ್ತು ಸುತ್ಕೊಳ್ಳುತ್ತೆ) ಸಾಕಾ ಅನ್ನೋ ಅನುಮಾನ ಇತ್ತು, ಧಾರಾಳ ಸಾಕು. ಎಸೆದ ಮೇಲೆ ರಾಡ್ ತುದಿ ನೀರೊಳಗೆ ಅದ್ದಿ ಜೋರಾಗಿ ನಾಲ್ಕೈದು ಸುತ್ತು ಸುತ್ತಿದ್ರೆ ಲೈನ್ ಮುಳುಗುತ್ತೆ, ಆಮೇಲೆ ಗಾಳಿ ಲೈನನ್ನ ಎಳ್ಕೊಂಡು ಹೋಗಲ್ಲ. ಫೀಡರ್‌ಗೆ (ಮೀನಿನ ಮೇವು ತುಂಬಿ ತಳಕ್ಕೆ ಎಸೆಯೋ ಸಣ್ಣ ಬುಟ್ಟಿ) ಮಾತ್ರ ಬೇರೆ ರೀಲೇ ನೋಡ್ತೀನಿ, ಲೈನ್ ಕ್ಲಿಪ್ (ಪ್ರತಿ ಸಲ ಒಂದೇ ದೂರಕ್ಕೆ ಬೀಳೋ ಹಾಗೆ ಲೈನ್ ಹಿಡಿದಿಡೋ ಕ್ಲಿಪ್) ಗಟ್ಟಿಯಾಗಿರೋದು.