ಪಿಂಡಯ: ಬ್ರಿಟಿಷರ ಅಡಿಯಲ್ಲಿ ಒಂದು ಪುಟ್ಟ ಶಾನ್ ಸಂಸ್ಥಾನ

ಪ್ರಶ್ನೆ (ದಾವಣಗೆರೆ): ಬರ್ಮಾದ ಶಾನ್ ಸಂಸ್ಥಾನಗಳ ಚರಿತ್ರೆಯಲ್ಲಿ ಯಾಂಗ್‌ವೆ, ಕೆಂಗ್‌ಟುಂಗ್‌ನಂಥ ದೊಡ್ಡ ಹೆಸರುಗಳೇ ಮುಂದೆ ಬರುತ್ತವೆ. ಬುದ್ಧ ವಿಗ್ರಹಗಳು ಕಿಕ್ಕಿರಿದ ಗುಹೆಗೆ ಹೆಸರಾದ ಪಿಂಡಯದಂಥ ಪುಟ್ಟ ಸಂಸ್ಥಾನದ ಒಡೆಯನಿಗೆ ಬ್ರಿಟಿಷರ ಕಾಲದಲ್ಲಿ ನಿಜವಾಗಿ ಎಷ್ಟು ಅಧಿಕಾರವಿತ್ತು? ಆತನನ್ನು ನಮ್ಮ ಪಾಳೆಯಗಾರರಿಗೆ ಹೋಲಿಸಬಹುದೇ?

ಉತ್ತರ (ಚಿತ್ರದುರ್ಗ): ಶಾನ್ ಒಡೆಯರಲ್ಲಿ ಸಾಬ್ವಾ, ಮ್ಯೋಸಾ, ಙ್ವೆಗುಂಹ್ಮು ಎಂಬ ಮೂರು ದರ್ಜೆಗಳಿದ್ದವು, ಪಿಂಡಯದವನು ಕೊನೆಯ ದರ್ಜೆಯವನು. 1886ರಲ್ಲಿ ಮೇಲಿನ ಬರ್ಮಾ ಬ್ರಿಟಿಷರ ವಶವಾದ ಮೇಲೆ ಒಡೆಯರಿಗೆ ಸನದುಗಳನ್ನು, ಅಂದರೆ ಅವರ ಅಧಿಕಾರವನ್ನು ಷರತ್ತುಗಳೊಂದಿಗೆ ಮಾನ್ಯ ಮಾಡುವ ಪತ್ರಗಳನ್ನು, ಕೊಡಲಾಯಿತು. ಕಪ್ಪ ಕಟ್ಟಿ, ರೂಢಿಯ ಪ್ರಕಾರ ನ್ಯಾಯ ತೀರ್ಮಾನಿಸುವುದು ಅವರ ಪಾಲಿಗೆ ಉಳಿಯಿತಾದರೂ ಕಾಡು, ಗಣಿಗಳ ಮೇಲಿನ ಹಕ್ಕನ್ನು ಸರ್ಕಾರ ತಾನೇ ಇಟ್ಟುಕೊಂಡಿತು. ಲಾಭ ಎಲ್ಲಿತ್ತೆಂಬುದು ಅದಕ್ಕೆ ಚೆನ್ನಾಗಿಯೇ ಗೊತ್ತಿತ್ತು. 1922ರಲ್ಲಿ ಶಾನ್ ಸಂಸ್ಥಾನಗಳ ಒಕ್ಕೂಟ ರಚನೆಯಾದಾಗ ಒಡೆಯರ ಸಭೆಯೊಂದು ಹುಟ್ಟಿತು. ಅದರಲ್ಲಿ ಸಾಬ್ವಾಗಳು ಸ್ವತಃ ಕುಳಿತರೆ, ಚಿಕ್ಕ ಒಡೆಯರ ಪರವಾಗಿ ಕೆಲವು ಪ್ರತಿನಿಧಿಗಳು ಮಾತ್ರ ಕುಳಿತರು. ಸಭೆಯ ಕೆಲಸವೂ ಸಲಹೆ ಕೊಡುವುದಷ್ಟೇ; ಆಡಳಿತ ನಡೆಯುತ್ತಿದ್ದುದು ಟೌಂಜಿ ಪಟ್ಟಣದಲ್ಲಿದ್ದ ಬ್ರಿಟಿಷ್ ಕಮಿಷನರ್ ಕೈಯಲ್ಲಿ.

ಇನ್ನೊಂದು ಉತ್ತರ (ದಾವಣಗೆರೆ): ಪಾಳೆಯಗಾರರ ಹೋಲಿಕೆ ನನಗೆ ಸರಿಯೆನಿಸದು. ಚಿತ್ರದುರ್ಗದ ನಾಯಕರ ಆಳ್ವಿಕೆಯನ್ನು 1779ರಲ್ಲಿ ಮುಗಿಸಿದ್ದು ಹೈದರಾಲಿಯೇ ಹೊರತು ಬ್ರಿಟಿಷರಲ್ಲ. ಹೋಲಿಸಲೇಬೇಕೆಂದರೆ, ಬ್ರಿಟಿಷರ ಮೇಲಾಳ್ವಿಕೆಯಲ್ಲಿ ಉಳಿದು 1949ರಲ್ಲಿ ಭಾರತದಲ್ಲಿ ವಿಲೀನವಾದ ನೆರೆಯ ಸಂಡೂರು ಹೆಚ್ಚು ಹತ್ತಿರ.

ಮತ್ತೊಂದು ಉತ್ತರ (ಚಿತ್ರದುರ್ಗ): ಒಂದು ವ್ಯತ್ಯಾಸವಿದೆ. ಶಾನ್ ಒಡೆಯರ ಅಧಿಕಾರ ಬರ್ಮಾದ ಸ್ವಾತಂತ್ರ್ಯದ ನಂತರವೂ ಮುಂದುವರಿದು, 1959ರಲ್ಲಷ್ಟೇ ಅವರು ಅದನ್ನು ಬಿಟ್ಟುಕೊಟ್ಟರು.