ಸ್ಕೂಬಾ ಡೈವ್‌ನಲ್ಲಿ 5 ಮೀಟರ್ ಆಳದಲ್ಲಿ ನಿಲ್ಲಲು ಆಗುತ್ತಿಲ್ಲ, ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಕೆಟ್ಟಿದೆಯಾ?

ಕಡಲಹಕ್ಕಿ: ನೇತ್ರಾಣಿ ದ್ವೀಪದಲ್ಲಿ ಎರಡು ಡೈವ್‌ನಲ್ಲೂ ಹೀಗೇ ಆಯಿತು. ಕೆಳಗೆ ಎಲ್ಲಾ ಚೆನ್ನಾಗಿತ್ತು. ಮೇಲೆ ಬರುವ ಮುಂಚೆ ಸೇಫ್ಟಿ ಸ್ಟಾಪ್ ಅಂತ ಅಲ್ಲಿ 3 ನಿಮಿಷ ನಿಲ್ಲಬೇಕು, ಒಂದು ನಿಮಿಷಕ್ಕೇ ಮೇಲೆ ಹೋಗತೊಡಗಿದೆ. ಬಿಸಿಡಿಯ ಗಾಳಿ ಬಿಡುವ ಡಂಪ್ ದಾರ ಎಳೆದೆ, ಒಂದು ಗುಳ್ಳೆಯೂ ಬರಲಿಲ್ಲ. ತಲೆ ಕೆಳಗೆ ಮಾಡಿ ಫಿನ್ ಹೊಡೆದೆ. ಆದರೂ ದೋಣಿಯ ಪಕ್ಕದಲ್ಲೇ ಎದ್ದೆ. ಮುಳುಗಲು 4 ಕೆಜಿ ಸೀಸದ ತೂಕ ಕಟ್ಟಿದ್ದೆ. ತುಂಬಾ ಹೆದರಿದ್ದೇನೆ.

ನೀಲಿಫಿನ್: ಇದು ಉಸಿರಿನ ತೊಂದರೆ. ಗಾಬರಿಯಾದರೆ ಎದೆ ತುಂಬಿಯೇ ಇರುತ್ತದೆ. ಪೂರ್ತಿ ಉಸಿರು ಬಿಡಿ.

ಕಡಲಹಕ್ಕಿ: ಬಿಟ್ಟೆ. ಆಗಲಿಲ್ಲ.

ನೀಲಿಫಿನ್: ಬಿಟ್ಟ ಹಾಗೆ ಅನಿಸುತ್ತದೆ, ಬಿಟ್ಟಿರುವುದಿಲ್ಲ. ನನಗೆ ಅದು ಬರಲು 20 ಡೈವ್ ಬೇಕಾಯಿತು.

ಬಂಡೆಮೀನು: ತೂಕ ಬೆಲ್ಟ್‌ನಲ್ಲಾ, ಪಾಕೆಟ್‌ನಲ್ಲಾ? ಪಾಕೆಟ್ ಆದರೆ ಜಾರಿ ಬಿದ್ದಿರಬಹುದು. ಬೆಲ್ಟೇ ವಾಸಿ.

ನೀಲಿಫಿನ್: ಆಳಕ್ಕೆ ಹೋದರೆ ಸೂಟ್ ಕುಗ್ಗಿ ಬೆಲ್ಟೇ ಸಡಿಲವಾಗುತ್ತದೆ. ಮತ್ತೆ ಉಸಿರಿನ ಅಭ್ಯಾಸ ಮಾಡಿ.

ಹಳೇಹುಟ್ಟು: ಬೆಲ್ಟ್ ಮಾತು ಆಮೇಲೆ. ಸಿಲಿಂಡರ್ ಯಾವುದು? ಸೂಟ್? ಎಷ್ಟು ತೂಕ ಬೇಕೆಂದು ಎಲ್ಲಿ ನೋಡಿಕೊಂಡಿರಿ?

ಕಡಲಹಕ್ಕಿ: ಎಲ್ಲರೂ ಹಾಕುವ ಅಲ್ಯೂಮಿನಿಯಂ 80 ಅಲ್ವಾ. 3 ಎಂಎಂ ಸೂಟ್. ತೂಕ ನೋಡಿದ್ದು ಬೆಂಗಳೂರಿನ ಪೂಲ್‌ನಲ್ಲಿ, ತುಂಬಿದ ಸಿಲಿಂಡರ್ ಹಾಕಿಕೊಂಡು. ಇಲ್ಲಿ ಆಂಕರ್ ಹಗ್ಗ ಹಿಡಿದು ಇಳಿದೆ.

ಹಳೇಹುಟ್ಟು: ಇದನ್ನು ಮೊದಲೇ ಹೇಳಬೇಕಿತ್ತು. ಬಿಸಿಡಿ ಸರಿ ಇದೆ, ಅದರಲ್ಲಿ ಗಾಳಿಯೇ ಇರಲಿಲ್ಲ. ಅದಕ್ಕೇ ಗುಳ್ಳೆ ಬರಲಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆಯಷ್ಟು ಭಾರ, ಅಷ್ಟು ಜಾಸ್ತಿ ಮೇಲಕ್ಕೆ ತಳ್ಳುತ್ತದೆ. ನೀವು, ಗೇರ್ ಸೇರಿ 90 ಕೆಜಿ ಅಂದುಕೊಂಡರೆ ಅಲ್ಲೇ 2 ಕೆಜಿಗೂ ಜಾಸ್ತಿ ಕೊರತೆ. ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50ಕ್ಕೆ ಬರುವಷ್ಟರಲ್ಲಿ ನೀವು ಉಸಿರಾಡಿ ಮುಗಿಸಿದ ಗಾಳಿಯೇ ಸುಮಾರು 2 ಕೆಜಿ. ಆ ಸಿಲಿಂಡರ್ ಕೊನೆಯಲ್ಲಿ ತೇಲುತ್ತದೆ. ಇಳಿಯುವಾಗ ಹಗ್ಗ ಎಳೆದುಕೊಂಡು ಹೋದಿರಿ, ಹಾಗಾಗಿ ಗೊತ್ತಾಗಲಿಲ್ಲ.

ಹಾಗಂತ ಸುಮ್ನೆ 8 ಕೆಜಿ ಕಟ್ಟಬೇಡಿ. ಭಾರ ಜಾಸ್ತಿಯಾದರೆ ಬಿಸಿಡಿಗೆ ಗಾಳಿ ಜಾಸ್ತಿ ತುಂಬುತ್ತೀರಿ, ಮೇಲೆ ಬರುವಾಗ ಅದು ಹಿಗ್ಗಿ ಎಳೆದೊಯ್ಯುತ್ತದೆ. ಗೈಡ್‌ಗೆ ಹೇಳಿ ಈ ಸಲ 6 ಕಟ್ಟಿ. ಡೈವ್ ಮುಗಿದು 50 ಬಾರ್ ಇರುವಾಗ ದೋಣಿಯ ಪಕ್ಕ ಬಿಸಿಡಿ ಖಾಲಿ ಮಾಡಿ, ಸಾಮಾನ್ಯ ಉಸಿರು ತುಂಬಿ ಅಲುಗಾಡದೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಬರದಿದ್ದರೆ ಒಂದೊಂದೇ ಕೆಜಿ ಸೇರಿಸಿ. ಮತ್ತೆ ಮೇಲೆ ಎಳೆದರೆ ಉಸಿರು ಮಾತ್ರ ಕಟ್ಟಬೇಡಿ. 5 ಮೀಟರಿನಿಂದ ಮೇಲಕ್ಕೆ ಬಂದರೆ ಎದೆಯ ಗಾಳಿ ಒಂದೂವರೆ ಪಟ್ಟಾಗುತ್ತದೆ.

ಕಡಲಹಕ್ಕಿ: ಈಗ ಅರ್ಥವಾಯಿತು. ಭಾನುವಾರ ನೋಡಿ ಬರೆಯುತ್ತೇನೆ.

ನೀಲಿಫಿನ್: ಆದರೂ ಉಸಿರು ಮುಖ್ಯ.

ಬಂಡೆಮೀನು: ನನ್ನದು ಸ್ಟೀಲ್ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟುವ ಬೆನ್ನಿನ ತಗಡು), ಅದೇ 2.5 ಕೆಜಿ. ಬೆಲ್ಟ್‌ಗೆ ಎರಡೇ ಸೀಸ. ಫೋಟೋ ಹಾಕಲಾ?