ಮಾಗಿಯ ಚಳಿಯಲ್ಲಿ ಅಮ್ಮನನ್ನೂ ಅಣ್ಣನನ್ನೂ ಬೆಚ್ಚಗಿಡುವುದು ಹೇಗೆ?

ಪ್ರಶ್ನೆ, ಹನುಮಂತನಗರದಿಂದ:
ನಮ್ಮದು ಹಳೆಯ ಮನೆ. ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದಂತೆ ಕೆಂಪು ಗಾರೆಯ ನೆಲ ಕಾಲಿಡಲಾಗದಷ್ಟು ತಣ್ಣಗಾಗುತ್ತದೆ. ಅಮ್ಮನಿಗೆ 79 ವರ್ಷ, ಸಕ್ಕರೆ ಕಾಯಿಲೆಯಿದೆ. ಅಣ್ಣನಿಗೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ಪರ್ಶಜ್ಞಾನವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಡುತ್ತಾನೆ. ಕಳೆದ ವಾರ ಅವನ ಕಾಲು ತೀರಾ ತಣ್ಣಗಿದೆಯೆಂದು ನಾನೇ ಬಿಸಿನೀರಿನ ಚೀಲವನ್ನು ಹೊದಿಕೆಯೊಳಗಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮೀನಖಂಡದ ಮೇಲೆ ರೂಪಾಯಿ ನಾಣ್ಯದಗಲ ಬೊಬ್ಬೆ ಎದ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ವೈದ್ಯರಿಗೆ ತೋರಿಸಿದ್ದೇವೆ. ಅಮ್ಮನನ್ನು ಕೇಳಿದರೆ "ನನಗೇನೂ ಚಳಿಯಿಲ್ಲ ಕಣೋ" ಎನ್ನುತ್ತಾರೆ. ರಾತ್ರಿ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡಬಹುದೇ?

ಉತ್ತರ 1, ಫಿಸಿಯೋಥೆರಪಿಸ್ಟ್, ಜಯನಗರ:
ದಯವಿಟ್ಟು ಅಗ್ಗಿಷ್ಟಿಕೆ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡುತ್ತಾರೆ. ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯವಿದೆ.

ನಿಮ್ಮ ಅಣ್ಣನವರಲ್ಲಿ ಪೆಟ್ಟಾದ ಭಾಗದಿಂದ ಕೆಳಗಿನ ಚಳಿಯ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ, ಅಲ್ಲಿನ ಸ್ನಾಯುಗಳು ನಡುಗಿ ಶಾಖ ಹುಟ್ಟಿಸುವುದೂ ಇಲ್ಲ. ಆದ್ದರಿಂದ ಅವರು ಮಲಗುವ ಮೊದಲು ಹಾಸಿಗೆಯನ್ನು ಬಿಸಿನೀರಿನ ಚೀಲದಿಂದ ಬೆಚ್ಚಗೆ ಮಾಡಿ, ಮಲಗಿಸುವಾಗ ಚೀಲವನ್ನು ತಪ್ಪದೇ ತೆಗೆದುಬಿಡಿ. ಕಾಲಿಗೆ ಬಿಗಿಯಿಲ್ಲದ ಉಣ್ಣೆಯ ಕಾಲುಚೀಲ ಹಾಕಿ, ಬೆಳಿಗ್ಗೆ ರಾತ್ರಿ ಚರ್ಮವನ್ನು ಕಣ್ಣಾರೆ ನೋಡಿ. ಸಕ್ಕರೆ ಕಾಯಿಲೆಯಿಂದ ಅಮ್ಮನ ಪಾದಗಳೂ ಜೋಮು ಹಿಡಿದಿದ್ದರೆ ಅವರಿಗೂ ಇದೇ ಕ್ರಮ.

ಉತ್ತರ 2, ನಿವೃತ್ತ ನರ್ಸ್, ಮಲ್ಲೇಶ್ವರ:
ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ನಮ್ಮೂರ ಚಳಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ವಯಸ್ಸಾದವರ ಮೈ ಮನೆಯೊಳಗೇ ಮೆಲ್ಲಗೆ ತಣ್ಣಗಾಗಬಲ್ಲದು. ಅಮ್ಮನ ಮಾತನ್ನು ನಂಬಿ ಕೂರಬೇಡಿ, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ. ಅಲ್ಲಿಯೂ ತಣ್ಣಗಿದ್ದು, ಮಾತು ತೊದಲಿ, ಮಂಪರು ಕವಿದಂತಿದ್ದರೆ ಅಥವಾ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ. ಹಳೆಯ ಪಾದರಸದ ಥರ್ಮಾಮೀಟರ್‌ನ ಗೆರೆಗಳು 35ರಿಂದಲೇ ಶುರುವಾಗುವುದರಿಂದ, ಅದಕ್ಕಿಂತ ಕೆಳಗಿನದನ್ನೂ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ.

ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಬೆಳಗಿನ ವಾಕಿಂಗ್ ಬಿಸಿಲು ಬಂದ ಮೇಲಾಗಲಿ. ಗಾರೆ ನೆಲದ ಮೇಲೆ ಬರೀ ಕಾಲುಚೀಲ ಜಾರುತ್ತದೆ, ರಬ್ಬರ್ ತಳದ ಚಪ್ಪಲಿ ಕೊಡಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಗ್ಗಿಷ್ಟಿಕೆಯ ಯೋಚನೆ ಬಿಟ್ಟೆ. ನಿನ್ನೆ ಅಣ್ಣನ ಹಾಸಿಗೆ ಬೆಚ್ಚಗಾದ ಮೇಲೆ ಚೀಲವನ್ನು ಅಡುಗೆಮನೆಗೆ ಒಯ್ದಿಟ್ಟೆ. ಬೆಳಿಗ್ಗೆ ಐದಕ್ಕೆ ಅಮ್ಮನ ಹೊಟ್ಟೆ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಪಾದ ಮಾತ್ರ ತಣ್ಣಗಿತ್ತು. ಇನ್ನೊಂದು ಕಂಬಳಿ ಹೊದಿಸಿದೆ.